ಉಕ್ಕುಭುಜ ಗುದ್ದಿದ್ದು ಯಾರಿಗೆ?

ಜನವರಿ ೮

ಚೂಟಿ,

ಕೈಬರಹ ನೋಡಿದ ಕೂಡಲೇ ಲಕೋಟೆ ಹರಿದು ಬಿಸಾಡಬೇಡ. ಹನ್ನೊಂದು ವರ್ಷ ಅಣ್ಣನ ಜೊತೆ ಮಾತು ಬಿಟ್ಟವಳು ಇನ್ನೆರಡು ನಿಮಿಷ ತಡೆದುಕೊಂಡರೆ ನಿನ್ನ ಗಂಟೇನೂ ಹೋಗುವುದಿಲ್ಲ. ಫೋನು ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಈ ಕಾಗದ.

ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ‘ಉಕ್ಕುಭುಜ’ ಮತ್ತೆ ಅಚ್ಚಾಗುತ್ತಿದೆ. ಹೌದು, ನಲವತ್ತು ವರ್ಷದ ಹಿಂದೆ ಅಪ್ಪನ ಪ್ರೆಸ್ಸಿನಿಂದ ತಿಂಗಳಿಗೊಂದು ಬರುತ್ತಿದ್ದ ಅದೇ ಮೂವತ್ತೆರಡು ಪುಟದ ಕಾಮಿಕ್ಸು. ಮೊದಲ ಇಪ್ಪತ್ತನಾಲ್ಕು ಪುಟ ಉಕ್ಕುಭುಜನಿಗೂ ರಾಕ್ಷಸನಿಗೂ ಕಾಳಗ, ಕೊನೆಯ ಎಂಟು ಪುಟ ವಿಚಿತ್ರ ಕಥೆಗಳು. ಬಂದಷ್ಟು ಸಂಚಿಕೆಗಳನ್ನೂ ಸೇರಿಸಿ ಒಂದೇ ದಪ್ಪ ಪುಸ್ತಕ ಮಾಡುತ್ತೇನೆಂದು ಒಬ್ಬ ಪ್ರಕಾಶಕಿ ಬಂದಿದ್ದಾಳೆ. ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಮಾತು ಬಲು ಖಡಕ್ಕು. ಅವಳ ಅಪ್ಪ ಚಿಕ್ಕಂದಿನಲ್ಲಿ ಕೂಡಿಟ್ಟಿದ್ದ ಆರು ಸಂಚಿಕೆ ಅವಳ ಬಳಿ ಇವೆ, ಅವೂ ಇಲಿ ತಿಂದು ಉಳಿಸಿದವು. “ಸರ್, ಮೂಲ ಚಿತ್ರಗಳು ನಿಮ್ಮ ಹತ್ರ ಇರ್ಬೇಕಲ್ಲ?” ಎಂದಳು. ನಾನು ಮೀಸೆ ತಿರುವುತ್ತಾ, “ಇರ್ದೆ ಏನು? ಒಂದೂ ಬಿಡದೆ ಇಟ್ಟಿದೀನಿ” ಎಂದೆ.

ಟ್ರಂಕು ತೆಗೆದು ಮೂಲ ಚಿತ್ರ ಬರೆದ ದಪ್ಪ ಬೋರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿದೆವು. ಅವಳು ಒಂದೊಂದನ್ನೇ ಎತ್ತಿ ನೋಡುತ್ತಾ ಹೋದಳು. ಐದನೆಯದಕ್ಕೆ ಬಂದಾಗ ತಲೆ ಎತ್ತಿ, “ಸರ್, ಉಕ್ಕುಭುಜ ಗುದ್ತಾ ಇರೋದು ಯಾರಿಗೆ?” ಎಂದು ಕೇಳಿದಳು.

ನಾನೂ ಬಗ್ಗಿ ನೋಡಿದೆ. ಯಾವ ಬೋರ್ಡಿನಲ್ಲೂ ರಾಕ್ಷಸನೇ ಇಲ್ಲ! ಉಕ್ಕುಭುಜ ಹಲ್ಲು ಕಚ್ಚಿ ಮುಷ್ಟಿ ಬೀಸುತ್ತಿದ್ದಾನೆ, ಮುಂದೆ ಬರೀ ಬಿಳಿ ಜಾಗ. ಜನ ಬಾಯಿ ಬಿಟ್ಟುಕೊಂಡು ಓಡುತ್ತಿದ್ದಾರೆ, ಹಿಂದೆ ಅಟ್ಟಿಸಿಕೊಂಡು ಬರುವವರು ಯಾರೂ ಇಲ್ಲ. ಒಂದು ಕಾರು ಆಕಾಶದಲ್ಲಿ ತಲೆಕೆಳಗಾಗಿ ನಿಂತಿದೆ, ಎತ್ತಿ ಹಿಡಿದ ಕೈ ಇಲ್ಲ. ಆ ಖಾಲಿ ಜಾಗದಲ್ಲಿ, ಅಚ್ಚಿಗಾಗಿ ಫೋಟೋ ತೆಗೆಯುವ ಕ್ಯಾಮೆರಾಕ್ಕೆ ಕಾಣದ ನೀಲಿ ಪೆನ್ಸಿಲ್ಲಿನಲ್ಲಿ, ನನ್ನದೇ ಬರಹ: ‘ಇಲ್ಲಿ ರಾಕ್ಷಸ. ಎತ್ತರ ಎರಡು ಮಹಡಿ.’

ಸುಳ್ಳೇಕೆ ಹೇಳಲಿ, ನಾನೇ ಬರೆದು ತುಂಬಿಸಿಬಿಡೋಣ ಎಂದು ಮೂರು ದಿನ ಕೂತೆ. ಮೂರು ರಾಕ್ಷಸರನ್ನು ಬರೆದು ಅವಳಿಗೆ ಕಳಿಸಿದೆ. ಅವಳು ಬಹಳ ವಿನಯದಿಂದ, “ಸರ್, ಇವರು ಉಕ್ಕುಭುಜನ ಹತ್ರ ಯಾವ್ದೋ ಅಡ್ರೆಸ್ ಕೇಳ್ತಾ ಇರೋ ಹಾಗಿದೆ” ಎಂದಳು.

ಆ ಹಸಿರು ಫಿಲಂಗಳು ನಿನ್ನ ಬಳಿ ಇನ್ನೂ ಇವೆಯೇ? ಇದ್ದರೆ ಕಳಿಸಿಕೊಡು. ಹಳೆಯದನ್ನೆಲ್ಲ ಕೆದಕುವುದು ಬೇಡ, ನಾವಿಬ್ಬರೂ ಮುದುಕರಾದೆವು.

ನಿನ್ನ
ಅಣ್ಣ


ಜನವರಿ ೧೯

ಅಣ್ಣಾ,

ಮುದುಕನಾಗಿದ್ದರೆ ನೀನಾಗಿರಬೇಕು, ನನ್ನನ್ನು ಯಾಕೆ ಆ ಲೆಕ್ಕಕ್ಕೆ ಸೇರಿಸುತ್ತೀಯ? ಅರವತ್ತನಾಲ್ಕಾಯಿತು, ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಕೆಲಸದ ಮೇಜಿನ ಮುಂದೆ ಇರುತ್ತೇನೆ. ಪ್ರೆಸ್ಸು ಬಿಟ್ಟವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಸೇರಿದೆ, ಈಗ ಅಲ್ಲಿ ನನಗಿಂತ ಹಳಬರು ಯಾರೂ ಇಲ್ಲ. ಡಾಕ್ಟರು ಬೋಳು ಒಸಡಿನ ಅಚ್ಚು ಕಳಿಸುತ್ತಾರೆ, ನಾನು ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುತ್ತೇನೆ. ಎಲ್ಲವನ್ನೂ ಸಾಲಾಗಿ ಸಮನಾಗಿ ಕೂರಿಸಿದರೆ ಕಟ್ಟಿಸಿಕೊಂಡದ್ದೆಂದು ದೂರದಿಂದಲೇ ಗೊತ್ತಾಗುತ್ತದೆ, ಒಂದನ್ನಾದರೂ ಚೂರು ಓರೆ ಮಾಡಬೇಕು. ಇದನ್ನು ನನಗೆ ಲ್ಯಾಬಿನಲ್ಲಿ ಯಾರೂ ಕಲಿಸಲಿಲ್ಲ, ಎರಡು ವರ್ಷ ರಾಕ್ಷಸರಿಗೆ ಹಲ್ಲು ಬರೆದು ಕಲಿತದ್ದು. ಆಗ ರಾಕ್ಷಸರಿಗೆ ಮಾಡುತ್ತಿದ್ದೆ, ಈಗ ಮನುಷ್ಯರಿಗೆ ಮಾಡುತ್ತೇನೆ.

ಫಿಲಂಗಳು ಇವೆ. ಇಪ್ಪತ್ತಮೂರು ಸಂಚಿಕೆಯವೂ ಇವೆ. ನಡುನಡುವೆ ಕಾಗದ ಹಾಕಿ, ಚಪ್ಪಟೆ ತಗಡಿನ ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ಜೋಪಾನ ಮಾಡಿದ್ದೇನೆ. ಪ್ರೆಸ್ಸು ಮುಚ್ಚಿ ಎಲ್ಲವನ್ನೂ ಗುಜರಿಗೆ ಹಾಕುವಾಗ ನೀನು ನಿನ್ನ ಬೋರ್ಡು ಹೊತ್ತುಕೊಂಡು ಹೋದೆ, ನಾನು ನನ್ನ ಫಿಲಂ ಹೊತ್ತುಕೊಂಡು ಬಂದೆ.

ಇದೆಲ್ಲ ಹೇಗಾಯಿತೆಂದು ಆ ಪ್ರಕಾಶಕಿಗೆ ನೀನು ಹೇಳಿರುವುದಿಲ್ಲ. ಈ ಪುಟವನ್ನು ಅವಳಿಗೇ ತೋರಿಸು. ನಮ್ಮದು ಎರಡೇ ಬಣ್ಣದ ಪುಸ್ತಕ, ಕಪ್ಪು ಮತ್ತು ಹಸಿರು. ಒಂದೇ ಹಾಳೆ ಮಷಿನ್ನಿಗೆ ಎರಡು ಸಲ ಹೋಗುತ್ತಿತ್ತು. ಕಪ್ಪು ಅಚ್ಚಾಗುವುದು ಅಣ್ಣ ಬರೆದ ಬೋರ್ಡಿನಿಂದ. ಹಸಿರು ಅಚ್ಚಾಗುವುದು ಆ ಬೋರ್ಡಿನ ಮೇಲೆ ಹಾಸಿದ ಪಾರದರ್ಶಕ ಫಿಲಂನಿಂದ, ಅದನ್ನು ತಯಾರಿಸುವುದು ನನ್ನ ಕೆಲಸ. ಮರ, ಗೋಡೆ, ಉಕ್ಕುಭುಜನ ಅಂಗಿ, ಇಷ್ಟಕ್ಕೆ ಹಸಿರು ತುಂಬಿದರೆ ನನ್ನ ಕೆಲಸ ಮುಗಿಯಬೇಕಿತ್ತು. ಮೊದಲ ಸಂಚಿಕೆಗೆ ಅಣ್ಣ ರಾಕ್ಷಸನನ್ನೂ ತಾನೇ ಬರೆದಿದ್ದ. ಹೊಟ್ಟೆನೋವು ಬಂದ ಹಸುವಿನ ಹಾಗಿತ್ತು. ಅವನು ಜ್ವರ ಬಂದು ಎರಡು ದಿನ ಮಲಗಿದ್ದಾಗ ನಾನು ಬ್ಲೇಡು ತೆಗೆದುಕೊಂಡು ಎಲ್ಲ ಬೋರ್ಡಿನಿಂದಲೂ ಆ ಹಸುವನ್ನು ಕೆರೆದು ಹಾಕಿದೆ. ಕೆರೆದ ಮೇಲೆ ತಿಳಿಯಿತು ನಾನು ಮಾಡಿಕೊಂಡ ಎಡವಟ್ಟು. ಬೋರ್ಡಿನ ಮೈ ತರಚಿಹೋಗಿತ್ತು, ಅಲ್ಲಿ ಮಸಿ ಇಟ್ಟರೆ ಹರಡಿಕೊಳ್ಳುತ್ತಿತ್ತು. ಬೇರೆ ದಾರಿಯಿಲ್ಲದೆ ಹೊಸ ರಾಕ್ಷಸನನ್ನು ಫಿಲಂ ಮೇಲೆ ಬರೆದೆ.

ಅಚ್ಚಾಗಿ ಬಂದಾಗ ಇಡೀ ಪುಸ್ತಕ ಕಪ್ಪು ಗೆರೆಯಲ್ಲಿ, ರಾಕ್ಷಸ ಮಾತ್ರ ಕಪ್ಪು ಅಂಚೇ ಇಲ್ಲದ ಬರೀ ಹಸಿರು. ಮಷಿನ್ ಓಡಿಸುತ್ತಿದ್ದ ಮಸಿಮಾಮ ಮೊದಲ ಹಾಳೆ ಎತ್ತಿ ಹಿಡಿದು, “ಅಯ್ಯಪ್ಪಾ, ಇದು ಈ ಲೋಕದ್ದಲ್ಲ ಬಿಡಮ್ಮಾ” ಎಂದ. ಬೈಯಲು ಬಾಯಿ ತೆರೆದಿದ್ದ ಅಪ್ಪ ಹಾಗೇ ಮುಚ್ಚಿಕೊಂಡರು. ಆಮೇಲಿನ ಎಲ್ಲ ಸಂಚಿಕೆಗೂ ಅಣ್ಣ ರಾಕ್ಷಸನ ಜಾಗ ಖಾಲಿ ಬಿಟ್ಟ, ನಾನು ತುಂಬಿದೆ. ಕೆಸರುಬಾಯಿ, ಏಳುಮೊಣಕೈ, ಗೋಡೆತಿನಿ, ಎಲ್ಲರೂ ನನ್ನವರು. ದಿನಕ್ಕೊಂದು ಮೆಟ್ಟಿಲು ಹೆಚ್ಚಾಗುವ ಮನೆಯ ಕಥೆ, ಗಿರಾಕಿಯ ನೆರಳಿಗೂ ಅಳತೆ ತೆಗೆಯುವ ದರ್ಜಿಯ ಕಥೆ, ಅವೆಲ್ಲ ಅಣ್ಣನವು. ಚೆನ್ನಾಗಿದ್ದವು. ಇನ್ನೊಬ್ಬರದನ್ನು ಕಿತ್ತುಕೊಳ್ಳುವ ಅಭ್ಯಾಸ ನನಗಿಲ್ಲ.

ಈಗ ನಿನಗೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಡಾಕ್ಟರಿಗೆ ಸೆಟ್ಟು ಕೊಡಲು ಹೋಗಿದ್ದೆ. ಕಾಯುವ ಕೋಣೆಯಲ್ಲಿ ಪತ್ರಿಕೆ ಬಿದ್ದಿತ್ತು, ಅರ್ಧ ಪುಟ ನಿನ್ನ ಫೋಟೋ. ‘ರಾಕ್ಷಸರು ನನಗೆ ಬೆಳಗಿನ ಜಾವ ಕಾಣಿಸಿಕೊಳ್ಳುತ್ತಿದ್ದರು, ಎದ್ದು ಬರೆದಿಡುತ್ತಿದ್ದೆ’ ಎಂದು ಹೇಳಿದ್ದೆ. ಬೆಳಗಿನ ಜಾವ ಎದ್ದ ಮನುಷ್ಯನೇ ನೀನು? ಅಮ್ಮ ಮುಖಕ್ಕೆ ನೀರು ಚಿಮುಕಿಸದೆ ಎಂಟು ಗಂಟೆಗೂ ಎದ್ದವನಲ್ಲ. ಇಡೀ ಪುಟದಲ್ಲಿ ನನ್ನ ಸುದ್ದಿ ಒಂದು ಸಾಲು ಇರಲಿಲ್ಲ. ಡಾಕ್ಟರ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫಿಲಂ ಬೇಕಾದರೆ ಎರಡು ಮಾತು. ಪುಸ್ತಕದ ಕವರಿನ ಮೇಲೆ ನನ್ನ ಹೆಸರು ಬರಬೇಕು, ನಿನ್ನ ಹೆಸರಿನ ಪಕ್ಕದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ. ಮತ್ತೆ, ಸುಳ್ಳು ಹೇಳಿದ ಪತ್ರಿಕೆಯಲ್ಲೇ ನಿಜ ಹೇಳಬೇಕು. ಎರಡೂ ಆಗದಿದ್ದರೆ ಉಕ್ಕುಭುಜ ಖಾಲಿ ಜಾಗಕ್ಕೇ ಗುದ್ದುತ್ತಿರಲಿ, ಮೈಗೆ ವ್ಯಾಯಾಮವಾಗುತ್ತದೆ.

ನಿನ್ನ
ತಂಗಿ


ಫೆಬ್ರವರಿ ೩

ಚೂಟಿ,

ನಿನ್ನ ನಾಲಿಗೆಗೆ ಪ್ರೆಸ್ಸಿನ ಹುಡುಗರು ‘ಬ್ಲೇಡು’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಪತ್ರ ಓದಿ ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದೆ. ಪ್ರಕಾಶಕಿಗೆ ನೀನು ಹೇಳಿದ ಪುಟ ತೋರಿಸಿದೆ. ಓದಿ ಮುಗಿಸಿ ನನ್ನ ಮುಖವನ್ನು ಒಮ್ಮೆ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಸ್ವಲ್ಪ ನನ್ನ ಕಡೆಯಿಂದಲೂ ಯೋಚನೆ ಮಾಡು. ನಾನು ಇಪ್ಪತ್ತೆಂಟು ವರ್ಷ ಚಿತ್ರಕಲೆ ಹೇಳಿಕೊಟ್ಟ ಶಾಲೆಯಲ್ಲಿ ಆ ಪತ್ರಿಕೆಯ ಪುಟಕ್ಕೆ ಕಟ್ಟು ಹಾಕಿಸಿ ಸಭಾಂಗಣದಲ್ಲಿ ತೂಗುಹಾಕಿದ್ದಾರೆ. ಬೀದಿಯಲ್ಲಿ ನನ್ನನ್ನು ಕರೆಯುವುದೇ ‘ರಾಕ್ಷಸರ ಮೇಷ್ಟ್ರು’ ಎಂದು. ಈ ವಯಸ್ಸಿನಲ್ಲಿ ಪೇಪರಿನಲ್ಲಿ ‘ನಾನು ಸುಳ್ಳು ಹೇಳಿದೆ’ ಎಂದು ಹಾಕಿಸಿಕೊಂಡು ಹಾಲು ತರಲು ಹೇಗೆ ಹೋಗಲಿ? ಹನ್ನೊಂದು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿದೆ? ನಿನಗೊಬ್ಬಳಿಗೆ.

ಅದಕ್ಕೇ ಒಂದು ಮಧ್ಯದ ದಾರಿ ಹುಡುಕಿದ್ದೇನೆ. ಕವರಿನ ಮೇಲೆ ಎರಡು ಹೆಸರು ಬಂದರೆ ಓದುವವರಿಗೆ ಗಲಿಬಿಲಿಯಾಗುತ್ತದೆ. ಮುನ್ನುಡಿಯಲ್ಲಿ ನಿನ್ನನ್ನು ನೆನೆಯುತ್ತೇನೆ, ಎಲ್ಲರಿಗೂ ಕಾಣುವ ಹಾಗೆ. ಬರೆದೂ ಆಯಿತು: ‘ಈ ಮಾಲಿಕೆಯ ರಾಕ್ಷಸರಿಗೆ ರೂಪ ಕೊಡುವ ಕೆಲಸದಲ್ಲಿ ನನ್ನ ಪ್ರೀತಿಯ ತಂಗಿ ನೀಡಿದ ಅಮೂಲ್ಯ ಸಹಕಾರವನ್ನು ಮರೆಯಲಾರೆ.’ ಇದಕ್ಕಿಂತ ಇನ್ನೇನು ಬೇಕು? ಒಪ್ಪಿಗೆಯಾದರೆ ಪೆಟ್ಟಿಗೆ ಕಳಿಸಿಬಿಡು.

ನಿನ್ನ
ಅಣ್ಣ


ಫೆಬ್ರವರಿ ೧೦

ಅಣ್ಣಾ,

ಏಣಿ ಹಿಡಿದುಕೊಂಡವರದು ಸಹಕಾರ. ನಾನು ಏಣಿ ಹತ್ತಿದವಳು. ನಿನ್ನ ಮುನ್ನುಡಿಯನ್ನು ವಾಪಸು ಕಳಿಸಿದ್ದೇನೆ, ಪ್ರೂಫ್ ತಿದ್ದುವವರ ಹಾಗೆ ಕೆಂಪು ಶಾಯಿಯಲ್ಲಿ ಗೀಟು ಹಾಕಿ. ಹೊಡೆದು ಹಾಕಿದ ಮೇಲೆ ‘ನನ್ನ ತಂಗಿ’ ಎಂಬ ಎರಡು ಪದ ಮಾತ್ರ ಉಳಿದಿವೆ, ಅಲ್ಲಿಂದ ಶುರುಮಾಡು.

ನೀನು ಜಾಣತನದಿಂದ ಒಂದು ಮಾತು ಬಿಟ್ಟಿದ್ದೀಯ. ಉಕ್ಕುಭುಜ ನಿಂತುಹೋದದ್ದು ಯಾಕೆ? ಇಪ್ಪತ್ತಮೂರನೆಯ ಸಂಚಿಕೆಯ ಕೊನೆಯ ಪುಟದಲ್ಲಿ ಅವನು ಹಳೆಯ ಗಡಿಯಾರದ ಗೋಪುರ ಹತ್ತಿ, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ. ಒಳಗಿಂದ ಯಾರೋ ಉಸಿರಾಡುವ ಸದ್ದು. ಇಪ್ಪತ್ತನಾಲ್ಕನೆಯದು ಬರಲೇ ಇಲ್ಲ. ‘ಮಷಿನ್ ಕೆಟ್ಟಿದ್ದರಿಂದ’ ಎಂದು ನೀನು ಓದುಗರಿಗೆಲ್ಲ ಕಾರ್ಡು ಬರೆದೆ. ಮಷಿನ್ನಿಗೆ ಒಂದು ಮೊಳೆಯೂ ಸಡಿಲವಾಗಿರಲಿಲ್ಲ.

ಎರಡು ವರ್ಷ ತುಂಬಿದ ಸಂಚಿಕೆ, ಕವರಿನ ಮೇಲೆ ಮೊದಲ ಸಲ ಹೆಸರು ಹಾಕೋಣ ಎಂದರು ಅಪ್ಪ. ನೀನು ಕಿವಿಯ ತನಕ ನಕ್ಕೆ. “ಅಪ್ಪಾ, ನಂದೂ ಹಾಕಿ” ಎಂದೆ ನಾನು. “ಒಂದು ಪುಸ್ತಕಕ್ಕೆ ಒಂದು ಹೆಸರು ಸಾಕು ಕಣಮ್ಮಾ. ಎರಡೆರಡು ಹಾಕಿದ್ರೆ ಅಂಗಡಿಯೋರು ನಗ್ತಾರೆ” ಎಂದರು. ಅಪ್ಪ ಹಾಗೆ ಹೇಳುತ್ತಾರೆಂದು ನನಗೆ ಗೊತ್ತಿತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ನೋಡಿದ್ದು ನಿನ್ನನ್ನು. ಅಪ್ಪನೂ ನಿನ್ನನ್ನೇ ನೋಡಿದರು, ನೀನು ಒಂದು ಮಾತು ಆಡಿದ್ದರೆ ಒಪ್ಪುತ್ತಿದ್ದರು. ನೀನೋ, ಕೆಳಗೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದೆ. ಅಂದು ನೀನು ಹಾಕಿಕೊಂಡಿದ್ದದ್ದು ಚಪ್ಪಲಿ.

ನಾನು ಫಿಲಂ ಕೆರೆಯುವ ನನ್ನ ಬ್ಲೇಡು ಮೇಜಿನ ಮೇಲಿಟ್ಟು ಹೊರಟುಬಂದೆ. ಇಪ್ಪತ್ತನಾಲ್ಕನೆಯ ರಾಕ್ಷಸ ಬರಲಿಲ್ಲ, ಅದಕ್ಕೇ ಪುಸ್ತಕವೂ ಬರಲಿಲ್ಲ.

ನಾನು ಹೇಳಿದ ಎರಡು ಮಾತು ಹಾಗೇ ಇವೆ. ಅವು ಆಗುವ ತನಕ ಬರೆಯಬೇಡ. ನನಗೆ ಬೇಕಾದಷ್ಟು ಕೆಲಸವಿದೆ, ಈ ವಾರ ಒಂಬತ್ತು ಬಾಯಿ ಕಾಯುತ್ತಿವೆ.

ಯಾರ ಸಹಕಾರಿಯೂ ಅಲ್ಲದ
ನಿನ್ನ ತಂಗಿ


ಏಪ್ರಿಲ್ ೨೬

ಚೂಟಿ,

ಬರೆಯಬೇಡ ಅಂದಿದ್ದೆ, ಬರೆಯಲಿಲ್ಲ. ಈಗ ಬರೆಯಬಹುದು ಅನ್ನಿಸಿತು. ಜೊತೆಗಿಟ್ಟಿರುವ ಪತ್ರಿಕೆಯ ತುಣುಕನ್ನು ಮೊದಲು ಓದಿಕೊಂಡು ಬಾ.

ಓದಿದೆಯಾ? ‘ಓದುಗರ ಪತ್ರ’ದ ಅಂಕಣದಲ್ಲಿ ಬಂದಿದೆ. ಮೇಲಿರುವುದು ಒಡೆದ ನೀರಿನ ಪೈಪಿನ ಬಗ್ಗೆ, ಕೆಳಗಿರುವುದು ಬೀದಿನಾಯಿಗಳ ಬಗ್ಗೆ, ನಡುವೆ ನಾನು. ದೊಡ್ಡದಾಗಿ ಹಾಕಿ ಎಂದು ಸಂ‍ಪಾದಕರನ್ನು ಹೋಗಿ ಕೇಳಿದೆ. “ಹನ್ನೊಂದು ವರ್ಷ ಆದ್ಮೇಲೆ ಯಾರು ಸ್ವಾಮಿ ತಿದ್ದುಪಡಿ ಹಾಕಿಸ್ತಾರೆ?” ಎಂದು ನಕ್ಕರು. ನಾಲ್ಕು ಸಲ ಹೋದೆ. ಕಡೆಗೆ ನನ್ನ ಕಾಟ ತಾಳಲಾರದೆ ಅಲ್ಲಿ ಜಾಗ ಕೊಟ್ಟರು. ಅವರು ಮೊಟಕು ಮಾಡದಂತೆ ಆರೇ ಸಾಲು ಬರೆದುಕೊಂಡು ಹೋಗಿದ್ದೆ: ‘ಉಕ್ಕುಭುಜ ಕಾಮಿಕ್ಸಿನ ಎಲ್ಲ ರಾಕ್ಷಸರನ್ನೂ ಬರೆದವಳು ನನ್ನ ತಂಗಿ. ನಾನು ಒಬ್ಬನನ್ನೂ ಬರೆದಿಲ್ಲ. ಅವರು ನನಗೆ ಬೆಳಗಿನ ಜಾವ ಕಾಣಿಸುತ್ತಿದ್ದರೆಂದು ಇದೇ ಪತ್ರಿಕೆಗೆ ಹೇಳಿದ್ದು ಸುಳ್ಳು.’ ಆಮೇಲೆ ನಿನ್ನ ಪೂರ್ತಿ ಹೆಸರು, ಕೊನೆಗೆ ನನ್ನದು.

ಆ ಸುಳ್ಳು ಯಾಕೆ ಹೇಳಿದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಆ ವರದಿಗಾರ ಒಂದು ಗಂಟೆ ಕೂತಿದ್ದ, ಕೇಳಿದ್ದೆಲ್ಲ ರಾಕ್ಷಸರ ಬಗ್ಗೆಯೇ. ಕೆಸರುಬಾಯಿ ಹೇಗೆ ಹೊಳೆಯಿತು, ಗೋಡೆತಿನಿಗೆ ಕಣ್ಣು ಯಾಕಿಲ್ಲ. ಉಕ್ಕುಭುಜನ ಸುದ್ದಿ ಎತ್ತಲೇ ಇಲ್ಲ. ನಾನು ಜೀವ ತೇಯ್ದು ಬರೆದ ಮುಷ್ಟಿ, ತೋಳು, ಓಡುವ ಜನ, ಒಂದನ್ನೂ ಕೇಳಲಿಲ್ಲ. ಪ್ರೆಸ್ಸಿನ ಕಾಲದಿಂದಲೂ ಹೀಗೇ ಆಗಿತ್ತು. ಓದುಗರ ಕಾರ್ಡುಗಳೆಲ್ಲ ರಾಕ್ಷಸರಿಗೇ ಬರುತ್ತಿದ್ದವು, ನಾನೇ ಒಡೆದು ಓದುತ್ತಿದ್ದೆ, ಎಷ್ಟನ್ನು ನಿನಗೆ ತೋರಿಸದೆ ಬಚ್ಚಿಟ್ಟೆನೋ ನನಗೇ ಗೊತ್ತಿಲ್ಲ. ಹೊಟ್ಟೆ ಉರಿಯುತ್ತಿತ್ತು ಕಣೇ. ತಂಗಿಯ ಮೇಲೆ ಹೊಟ್ಟೆಕಿಚ್ಚು ಎಂದು ಹೇಳಿಕೊಳ್ಳಲು ನಾಚಿಕೆ, ಅದಕ್ಕೇ ಅವರನ್ನೆಲ್ಲ ನನ್ನವರೆಂದು ಹೇಳಿಬಿಟ್ಟೆ. ಹೇಳಿದ ದಿನ ಬಲು ಹಾಯೆನಿಸಿತು. ಆಮೇಲೆ ಶಾಲೆಯವರು ಅದಕ್ಕೆ ಕಟ್ಟು ಹಾಕಿಸಿದರು, ಆ ಗೋಡೆಯ ಕಡೆ ನಾನು ತಲೆ ಎತ್ತಿ ನೋಡಿದ್ದು ಕಡಿಮೆ.

ಮೊನ್ನೆ ನಾನೇ ಸ್ಟೂಲು ಹಾಕಿಕೊಂಡು ಅದನ್ನು ಇಳಿಸಿದೆ. ಹೆಡ್‌ಮಿಸ್ಸು ಸ್ಟೂಲು ಹಿಡಿದುಕೊಂಡಿದ್ದರು. “ಈಗ ಅಲ್ಲಿ ಏನ್ ಹಾಕೋಣ ಸರ್?” ಎಂದು ಕೇಳಿದರು. ಹಾಲಿನ ಅಂಗಡಿಗೂ ಹೋಗಿಬಂದೆ. ಅಂಗಡಿಯವನು, “ಮೇಷ್ಟ್ರೇ, ನಿಮ್ ತಂಗಿ ಈಗ್ಲೂ ಬರೀತಾರಾ?” ಎಂದ. ಅಷ್ಟೇ. ಭೂಮಿ ಬಾಯಿ ಬಿಡಲಿಲ್ಲ.

ಕವರಿನ ವಿಷಯ ಪ್ರಕಾಶಕಿಗೆ ಹೇಳಿದ್ದೇನೆ. ನೀನು ಫಿಲಂ ಕೊಡದಿದ್ದರೆ ಪುಸ್ತಕ ಬರುವುದಿಲ್ಲ, ಅದಕ್ಕೂ ತಯಾರಾಗಿದ್ದೇನೆ. ಈ ಆರು ಸಾಲನ್ನು ಫಿಲಂ ಸಿಗಲೆಂದು ಬರೆಯಲಿಲ್ಲ.

ಅಣ್ಣ


ಮೇ ೭

ಅಣ್ಣಾ,

ತುಣುಕು ಸಿಕ್ಕಿತು. ಲ್ಯಾಬಿನಲ್ಲಿ ಕೈತುಂಬ ಮೇಣವಿತ್ತು, ನನ್ನ ಪಕ್ಕದ ಮೇಜಿನವಳಿಗೆ ಓದಲು ಹೇಳಿದೆ. ಅವಳು ಮೊದಲು ನಾಯಿಗಳ ಪತ್ರ ಓದಿದಳು, ಆಮೇಲೆ ಪೈಪಿನದು, ಕೊನೆಗೆ ನಿನ್ನದು. ನನ್ನ ಹೆಸರು ಬಂದಾಗ ನಿಲ್ಲಿಸಿ, “ಅಕ್ಕಾ, ಇದು ನೀವಾ?” ಎಂದಳು. “ಹೂಂ, ನಾನೇ” ಎಂದೆ. ಮೂವತ್ತೊಂಬತ್ತು ವರ್ಷ ಆ ಮೇಜಿನಲ್ಲಿ ಕೂತಿದ್ದೇನೆ, ಅಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನವರೆಲ್ಲ ನನ್ನ ಸುತ್ತ ನಿಂತಿದ್ದರು. ನನಗೆ ಬಹಳ ಸಂತೋಷವಾಯಿತು, ಬಿಗುಮಾನಕ್ಕೆ ಮುಚ್ಚಿಡುವುದಿಲ್ಲ.

ನೀನು ಬಚ್ಚಿಟ್ಟ ಕಾರ್ಡುಗಳ ಸಂಗತಿ ನನಗೆ ಗೊತ್ತಿರಲಿಲ್ಲ. ಅದನ್ನು ನೀನು ಹೇಳದೆ ಇರಬಹುದಿತ್ತು, ಹೇಳಿದೆ. ಸಿಟ್ಟು ಬಂತು, ಎರಡು ದಿನ ಇತ್ತು. ಇನ್ನೊಂದು ಮಾತು: ನಿನ್ನ ಮುಷ್ಟಿಗಳು ಚೆನ್ನಾಗಿದ್ದವು. ಆ ಓಡುವ ಜನರ ಹೆದರಿಕೆ ಇಲ್ಲದಿದ್ದರೆ ನನ್ನವರು ಹಸಿರು ಕಲೆಗಳಾಗಿ ಉಳಿಯುತ್ತಿದ್ದರು. ಇದನ್ನು ನಾನೂ ಆಗಲೇ ಹೇಳಬೇಕಿತ್ತು.

ಪ್ರಕಾಶಕಿ ಮನೆಗೇ ಬಂದಿದ್ದಳು. ಬಿಳಿ ಕೈಗವಸು ಹಾಕಿಕೊಂಡು ಫಿಲಂಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ಪೆಟ್ಟಿಗೆಯನ್ನು ಅವಳಿಗೆ ಕೊಟ್ಟಿದ್ದೇನೆ. ಕವರಿನ ನಕಲನ್ನೂ ತೋರಿಸಿದಳು. ನನ್ನ ಹೆಸರನ್ನು ನಿನ್ನ ಹೆಸರಿನ ಮೇಲೆ ಹಾಕಿದ್ದಾರೆ, ನೀನೇ ಹಾಗೆ ಹಾಕಲು ಹೇಳಿದ್ದಂತೆ. ಅತಿ ವಿನಯ ಬೇಡ, ನಾನು ಕೇಳಿದ್ದು ಪಕ್ಕದಲ್ಲಿ. ಅಳತೆಪಟ್ಟಿ ಇಟ್ಟು ಸರಿಮಾಡಿಸಿದೆ.

ಅವಳು ಹೊರಡುವಾಗ ಕೇಳಿದಳು: “ಮೇಡಂ, ಆ ಬಾಗಿಲ ಆಚೆ ಯಾರಿದ್ರು? ನಮ್ಮಪ್ಪ ಈಗ್ಲೂ ಕೇಳ್ತಾರೆ.” ನಲವತ್ತು ವರ್ಷದಿಂದ ಜನ ಕೇಳುತ್ತಿದ್ದಾರೆ. ಇಪ್ಪತ್ತನಾಲ್ಕನೆಯ ಸಂಚಿಕೆ ಆಗಬೇಕು ಅಣ್ಣಾ. ಇಡೀ ಕಾಳಗ ಬೇಡ, ಒಂದೇ ಪುಟ ಸಾಕು. ಆದರೆ ಪ್ರತಿ ಸಲ ನೀನು ಮೊದಲು ಬರೆದು, ನೀನು ಬಿಟ್ಟ ಜಾಗದಲ್ಲಿ ನಾನು ತುಂಬಿದೆ. ನೀನು ಗುದ್ದಿಯಾಗಿರುತ್ತಿತ್ತು, ನನ್ನವರು ಬೀಳಲೇಬೇಕಾಗಿತ್ತು. ಈ ಸಲ ಮೊದಲು ನಾನು ಬರೆಯುತ್ತೇನೆ. ಜಾಗ ಬಿಡುವವಳೂ ನಾನೇ.

ನಿನ್ನ
ತಂಗಿ


ಮೇ ೧೫

ಚೂಟಿ,

ಆಗಲಿ, ಒಪ್ಪಿದೆ. ಮೇಜು ಒರೆಸಿ, ಕುಂಚ ತೊಳೆದು, ಹೊಸ ಕನ್ನಡಕ ಮಾಡಿಸಿಕೊಂಡು ಕೂತಿದ್ದೇನೆ. ಒಂದು ಸಲಹೆ ಕೊಡಲೇ? ಎಂಟು ತಲೆ ಇಟ್ಟರೆ ಹೇಗೆ? ಅಥವಾ ಗಡಿಯಾರದ ಮುಳ್ಳುಗಳೇ ಅದರ ಕೈಗಳು? ಉಕ್ಕುಭುಜನಿಗೆ ತೋಳು ಬೀಸಲು ಎಡಗಡೆ ಸ್ವಲ್ಪ ಧಾರಾಳವಾಗಿ ಜಾಗ ಬಿಡು, ಅವನದು ಅಗಲ ಭುಜ. ಕೊನೆಯ ಗುದ್ದು, ಜೋರಾಗಿರಬೇಕು. ಬೇಗ ಬರಿ. ಅಂಚೆಯವನ ದಾರಿ ನೋಡಿ ನೋಡಿ ಕತ್ತು ನೋಯುತ್ತಿದೆ.

ನಿನ್ನ
ಅಣ್ಣ


ಜುಲೈ ೨

ಅಣ್ಣಾ,

ಸಲಹೆಗೆ ಧನ್ಯವಾದ. ಒಂದನ್ನೂ ತೆಗೆದುಕೊಂಡಿಲ್ಲ.

ಫಿಲಂ ಕೊಳವೆಯೊಳಗಿದೆ, ಮಡಿಸಬೇಡ, ಅಂಚನ್ನು ಹಿಡಿದು ತೆಗೆ. ಏಳು ವಾರ ಹಿಡಿಯಿತು. ನೀನು ನೋಡುವ ಮೊದಲು ಹೇಳಿಬಿಡುತ್ತೇನೆ. ಬಾಗಿಲ ಆಚೆ ಕೂತವಳು ಅವರೆಲ್ಲರ ತಾಯಿ. ಕೆಸರುಬಾಯಿಯ ಬಾಯಿ ಯಾರದೆಂದು, ಗೋಡೆತಿನಿಯ ಕೈ ಯಾರದೆಂದು ಅವಳನ್ನು ನೋಡಿದರೆ ತಿಳಿಯುತ್ತದೆ. ಇಪ್ಪತ್ತಮೂರು ತಿಂಗಳು ಒಬ್ಬೊಬ್ಬರೇ ಮನೆಯಿಂದ ಹೊರಟರು, ಒಬ್ಬರೂ ವಾಪಸು ಬರಲಿಲ್ಲ. ಅವಳು ಗೋಪುರದ ಒಳಗೆ ಕೂತು ಬಾಗಿಲ ಕಡೆಯೇ ನೋಡುತ್ತಿದ್ದಾಳೆ. ಪುಟದ ಮುಕ್ಕಾಲು ಪಾಲು ಅವಳೇ ಇದ್ದಾಳೆ. ಅವಳು ಯಾರ ಮೇಲೂ ಕೈ ಎತ್ತಿಲ್ಲ. ಅವಳ ಮಾತಿನ ಗುಳ್ಳೆಯಲ್ಲಿ ನಾನೇ ಬರೆದಿದ್ದೇನೆ: ‘ನನ್ನ ಮಕ್ಕಳು ಎಲ್ಲಿ?’

ಕೆಳಗೆ ಬಲಮೂಲೆಯಲ್ಲಿ ಅಂಗೈ ಅಗಲದ ಜಾಗ ಬಿಟ್ಟಿದ್ದೇನೆ. ನೀಲಿ ಪೆನ್ಸಿಲ್ಲಿನಲ್ಲಿ ‘ಇಲ್ಲಿ ಉಕ್ಕುಭುಜ’ ಎಂದು ಬರೆದಿದೆ. ಅವನ ತಲೆಯ ಮೇಲೆ ಒಂದು ಖಾಲಿ ಗುಳ್ಳೆಯೂ ಇದೆ. ಅವನು ಅವಳಿಗೆ ಏನು ಹೇಳುತ್ತಾನೆಂದು ನೀನು ಬರಿ. ಕಥೆ ನಿನ್ನದು, ಅದಕ್ಕೆ ನಾನು ಕೈ ಹಾಕುವುದಿಲ್ಲ. ನನಗೆ ಸರಿ ಎನಿಸಿದರೆ ಅಚ್ಚಿಗೆ ಹೋಗಲಿ. ಎನಿಸದಿದ್ದರೆ ಬಾಗಿಲು ಮುಚ್ಚಿಯೇ ಇರಲಿ.

ತಂಗಿ


ಆಗಸ್ಟ್ ೧೧

ಚೂಟಿ,

ಫಿಲಂ ಬಿಚ್ಚಿ ಬಿಳಿ ಹಾಳೆಯ ಮೇಲೆ ಹಾಸಿದೆ. ಬಹಳ ಹೊತ್ತು ಕೂತು ನೋಡಿದೆ. ನಲವತ್ತು ವರ್ಷ ಬ್ಲೇಡು ಕೆಳಗಿಟ್ಟವಳು ಬರೆದದ್ದು ಇದು ಎಂದು ಯಾರೂ ನಂಬುವುದಿಲ್ಲ. ಅವಳ ಕಣ್ಣುಗಳ ಕಡೆ ನನಗೆ ನೋಡಲಾಗಲಿಲ್ಲ.

ಮೊದಲು ನನ್ನ ಹಳೆಯ ಚಾಳಿಯಂತೆ ಮುಷ್ಟಿ ಎತ್ತಿದ ಉಕ್ಕುಭುಜನನ್ನು ಬರೆದೆ. ನೀನು ಕೊಟ್ಟ ಜಾಗದಲ್ಲಿ ಅವನು ಹಿಡಿಸಲಿಲ್ಲ, ತೋಳು ಅವಳ ಮಡಿಲಿಗೆ ಚುಚ್ಚಿತು. ನೀನು ಬೇಕೆಂದೇ ಹಾಗೆ ಅಳೆದು ಬಿಟ್ಟಿದ್ದೀಯೆಂದು ಗೊತ್ತಾಯಿತು. ತೋಳು ಇಳಿಸಿದ ಉಕ್ಕುಭುಜ ನಮ್ಮ ಇಪ್ಪತ್ತಮೂರು ಸಂಚಿಕೆಯಲ್ಲಿ ಒಂದೇ ಒಂದು ಚಿತ್ರದಲ್ಲೂ ಇಲ್ಲ, ಅದನ್ನು ಈ ವಯಸ್ಸಿನಲ್ಲಿ ಹೊಸದಾಗಿ ಕಲಿಯಬೇಕಾಯಿತು. ಕನ್ನಡಿಯ ಮುಂದೆ ನಾನೇ ನಿಂತು ನೋಡಿಕೊಂಡು ಬರೆದೆ. ಹೀಗಾಗಿ ಅವನಿಗೆ ಸ್ವಲ್ಪ ಹೊಟ್ಟೆ ಬಂದಿದೆ, ಮನ್ನಿಸು.

ಚಿತ್ರ ಒಂಬತ್ತು ದಿನದಲ್ಲಿ ಆಯಿತು. ಗುಳ್ಳೆಗೆ ಒಂದು ತಿಂಗಳು ಹಿಡಿಯಿತು. ‘ಯಾರು ನೀನು?’ ಎಂದು ಬರೆದೆ, ಗೊತ್ತಿದ್ದೂ ಕೇಳಿದ ಹಾಗಾಯಿತು, ಅಳಿಸಿದೆ. ‘ನಿನ್ನ ಮಕ್ಕಳು ಊರು ಹಾಳು ಮಾಡುತ್ತಿದ್ದರು’ ಎಂದು ಬರೆದೆ, ವಕೀಲರ ಮಾತಿನ ಹಾಗಿತ್ತು. ‘ತಪ್ಪಾಯಿತು’ ಎಂದು ಬರೆದೆ. ಅದು ನಿಜವೇ, ಆದರೆ ಬಸ್ಸಿನಲ್ಲಿ ಕಾಲು ತುಳಿದವರೂ ಅದನ್ನೇ ಹೇಳುತ್ತಾರೆ. ಅದನ್ನೂ ಅಳಿಸಿದೆ. ಪ್ರಕಾಶಕಿ ವಾರಕ್ಕೆರಡು ಸಲ ಫೋನು ಮಾಡಿ, “ಸರ್, ಒಂದು ಸಾಲಿಗೆ ಇಷ್ಟು ದಿನಾನಾ?” ಎಂದು ಕೇಳುತ್ತಿದ್ದಳು. ಈ ಒಂದು ಸಾಲಿಗೆ ನನಗೆ ಎಷ್ಟು ವರ್ಷ ಹಿಡಿಯಿತೆಂದು ಅವಳಿಗೇನು ಗೊತ್ತು?

ನಿನ್ನೆ ಬರೆದೆ, ಅಳಿಸಲಿಲ್ಲ. ಉಕ್ಕುಭುಜ ಯಾವಾಗಲೂ ಗ್ರಂಥದ ಭಾಷೆ ಆಡುವವನು, ಇಲ್ಲಿ ಮಾತ್ರ ಮನೆಮಾತು ಆಡಿದ್ದಾನೆ. ಬೋರ್ಡು ಈ ಪತ್ರದ ಜೊತೆಗೇ ಇದೆ, ಸರಿಯೋ ಅಲ್ಲವೋ ನೀನೇ ಹೇಳು. ಅವನು ಅವಳ ಮುಂದೆ ಕೈ ಇಳಿಸಿ ನಿಂತಿದ್ದಾನೆ, ತಲೆ ಎತ್ತಿ ಅವಳ ಮುಖವನ್ನೇ ನೋಡುತ್ತಿದ್ದಾನೆ. ಹೇಳುವುದು ಇಷ್ಟೇ:

“ಅವರೆಲ್ಲ ನಿನ್ನ ಮಕ್ಕಳು ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು.”

ನಿನ್ನ
ಅಣ್ಣ